ಮೂರು ಗೀರು

ಕಡುನೀಲಿ ಕಾರನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿದ ಹಲ್ಲಿನ ಡಾಕ್ಟರು ಕೆಳಗಿಳಿದವರೇ, "ಪೇಂಟರ್ ಎಲ್ಲಿ?" ಎಂದು ಕೇಳಿದರು.

ಪೇಂಟರ್ ಅವರ ಎದುರಿಗೇ ನಿಂತಿದ್ದಳು. ಕೈಯಲ್ಲಿ ಒದ್ದೆ ಎಮರಿ ಕಾಗದ, ತಲೆಗೆ ಸುತ್ತಿದ ಬಟ್ಟೆಯ ಮೇಲೆಲ್ಲ ಬಿಳಿ ಪುಡಿ. ಡಾಕ್ಟರು ಅವಳ ಹೆಗಲಾಚೆ ಹಣಕಿ ಹಾಕಿ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದರು. ಇಪ್ಪತ್ತೆರಡು ವರ್ಷದಿಂದ ಇದೇ ನೋಟ ನೋಡಿ ಸಾಕಾಗಿದ್ದ ಅವಳು, "ಅಣ್ಣಾ, ಗಿರಾಕಿ ಬಂದಿದಾರೆ" ಎಂದು ಕೂಗಿ ತನ್ನ ಕೆಲಸಕ್ಕೆ ಬಗ್ಗಿದಳು.

ಆ ಶೆಡ್ಡು ಅಣ್ಣ ತಂಗಿ ಇಬ್ಬರದು. ನಜ್ಜುಗುಜ್ಜಾದ ತಗಡನ್ನು ಬಡಿದು ನೇರ ಮಾಡುವುದು ಅಣ್ಣನ ಪಾಲಿಗೆ. ಅಲ್ಲಿಂದ ಮುಂದಿನದೆಲ್ಲ, ಅಂದರೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಹೊಳಪು ತರುವುದು ತಂಗಿಯ ಪಾಲಿಗೆ. ಮನೆಯಲ್ಲಿ ಕೊನೆಯವಳಾದ್ದರಿಂದ ಅವಳನ್ನು ಮೊದಲಿನಿಂದಲೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಈ ಕೆಲಸಕ್ಕೆ ಕೈ ಹಾಕಿದ ಮೇಲೆ ಹೆಸರಿಗೂ ಕೆಲಸಕ್ಕೂ ಗಂಟು ಬಿದ್ದು, ನಲವತ್ತಾರು ದಾಟಿದರೂ ಅವಳು ಪುಟ್ಟಿಯಾಗಿಯೇ ಉಳಿದಿದ್ದಳು.

ಡಾಕ್ಟರು ಅಣ್ಣನನ್ನು ಕಾರಿನ ಆಚೆ ಬದಿಗೆ, ಡ್ರೈವರ್ ಕೂರುವುದರ ಎದುರು ಮಗ್ಗುಲಿಗೆ ಕರೆದುಕೊಂಡು ಹೋದರು. ಮುಂದಿನ ಬಾಗಿಲಿನಿಂದ ಶುರುವಾಗಿ ಹಿಂದಿನ ಚಕ್ರದ ತನಕ ಒಂದರ ಕೆಳಗೊಂದು ಮೂರು ಗೀರುಗಳು. ಹುಲಿ ಪರಚಿದ ಹಾಗಿತ್ತು.

"ಇದು ಯಾರ ಕೆಲಸ ಅಂತ ನಂಗೆ ಚೆನ್ನಾಗಿ ಗೊತ್ತು" ಎಂದರು ಡಾಕ್ಟರು. "ನಮ್ಮ ಬೀದೀಲಿ ಕಾರು ತೊಳೆಯೋನೊಬ್ಬ ಇದಾನೆ. ಮೂರು ದಿನ ರಜ ಬೇಕು ಅಂದ. ಆಗಲ್ಲ ಅಂದೆ. ಮುಖ ಊದಿಸ್ಕೊಂಡು ಹೋದ. ಮಾರನೇ ದಿನ ಬೆಳಗ್ಗೆ ನೋಡಿದ್ರೆ ಹೀಗೆ. ಬೀದಿಯ ಹತ್ತು ಮನೆಯವರಿಗೂ ಹೇಳಿ ಅವನನ್ನ ಬಿಡಿಸಿದೀನಿ. ಇನ್ನು ಠಾಣೆಗೆ ದೂರು ಕೊಡಬೇಕು. ಬೇಕಂತಲೇ ಕೀಲಿಕೈಯಲ್ಲೋ ಮೊಳೆಯಲ್ಲೋ ಗೀಚಿದ್ದು ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಎರಡು ಸಾಲು ಬರ್ದುಕೊಡಿ."

ಅಣ್ಣ ಬಗ್ಗಿ ನೋಡಲೂ ಇಲ್ಲ. ಗಿರಾಕಿ ಹೇಳಿದ ಹಾಗೇ ಎರಡು ಸಾಲು ಬರೆದ, ಶೆಡ್ಡಿನ ಮೊಹರು ಒತ್ತಿದ, ಕೊಟ್ಟ. ಡಾಕ್ಟರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಮಧ್ಯಾಹ್ನ ಪುಟ್ಟಿ ಆ ಕಾರನ್ನು ಕೈಗೆತ್ತಿಕೊಂಡಳು. ಮೊದಲು ಸೋಪಿನ ನೀರಲ್ಲಿ ತೊಳೆದು ಒರೆಸಿ, ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಎಳೆದಳು. ಉಗುರು ಜಾರಿ ಹೋದರೆ ಗೀರು ಮೇಲಿನದು, ಪಾಲಿಷ್ ಹೊಡೆದರೆ ಮಾಯ. ಉಗುರು ಸಿಕ್ಕಿಕೊಂಡರೆ ಆಳದ್ದು. ಇಲ್ಲಿ ಉಗುರು ಮೂರು ಕಡೆಯೂ ಸಿಕ್ಕಿಕೊಂಡಿತು. ಹಿಂದಿನ ಬಾಗಿಲಿನ ಮೇಲಂತೂ ತಗಡೇ ಬೆಳ್ಳಗೆ ಕಾಣುತ್ತಿತ್ತು.

ಅವಳು ಕುಕ್ಕರುಗಾಲಲ್ಲಿ ಕೂತು ಗೀರಿನ ಉದ್ದಕ್ಕೂ ದೀಪ ಹಿಡಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು. ಮನುಷ್ಯನ ಕೈಯಿಂದ ಗೀಚಿದ ಕಾರುಗಳನ್ನು ಅವಳು ಲೆಕ್ಕವಿಲ್ಲದಷ್ಟು ಸರಿಮಾಡಿದ್ದಳು. ಕೈ ನಡುಗುತ್ತದೆ, ಗೀರು ಅಂಕುಡೊಂಕಾಗುತ್ತದೆ. ಒಮ್ಮೆ ಒತ್ತಿ ಒಮ್ಮೆ ತೇಲುತ್ತದೆ. ಎರಡು ಬಾಗಿಲ ನಡುವಿನ ಸಂದಿಗೆ ಬಂದಾಗ ಕೀಲಿಕೈಯ ತುದಿ ಒಳಕ್ಕೆ ಜಾರಿ ಆಚೆ ಅಂಚಿಗೆ ಬಡಿಯುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಮೂರೂ ಗೀರುಗಳು ಕೊನೆಯ ತನಕ ನೆಲದಿಂದ ತಂತಮ್ಮ ಎತ್ತರ ಬಿಡದೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಓಡಿದ್ದವು. ಬಾಗಿಲು ಉಬ್ಬಿದ ಕಡೆ ಆಳ, ತಗ್ಗಿದ ಕಡೆ ತೆಳು. ಗೀಚಿದ ವಸ್ತು ಅಲುಗಾಡದೆ ನಿಂತಿದೆ, ಓಡಿದ್ದು ಕಾರು. ಹಿಂದಿನ ಬಾಗಿಲಿನ ಅಂಚಿನಲ್ಲಿ ಹಳದಿ ಬಣ್ಣದ ಪುಡಿ ಕೂಡಾ ಸಿಕ್ಕಿಕೊಂಡಿತ್ತು. ಅವಳು ಅದನ್ನು ಸೂಜಿಯ ಮೊನೆಯಲ್ಲಿ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಕಬ್ಬಿಣಕ್ಕೆ ಹೊಡೆಯುವ ದಪ್ಪ ಬಣ್ಣ.

"ಅಣ್ಣಾ, ಬಾ ಇಲ್ಲಿ. ನೀನು ಬರ್ದುಕೊಟ್ಟಿದ್ದು ಸುಳ್ಳು."

ಅಣ್ಣ ಬಂದ, ನೋಡಿದ. ಮೂವತ್ತು ವರ್ಷ ತಗಡು ಬಡಿದವನಿಗೆ ಅರ್ಥವಾಗದೇ ಇರುತ್ತದೆಯೇ. ಆದರೂ ಮುಖ ತಿರುಗಿಸಿ, "ಅವ್ರ ಕಾರು, ಅವ್ರ ಬೀದಿ, ಅವ್ರ ಜಗಳ. ಊರ ಉಸಾಬರಿ ನಮಗ್ಯಾಕೆ? ಬಾಯಿ ಬಿಟ್ರೆ ಬಣ್ಣಗೇಡು, ಸುಮ್ನೆ ಉಜ್ಜಿ ಮುಗಿಸು" ಎಂದ.

"ಬಣ್ಣಗೇಡಾದ್ರೆ ತಾನೆ ನಂಗೆ ಕೆಲಸ" ಎಂದಳು ಪುಟ್ಟಿ. "ಉಜ್ಜಿದ್ರೆ ಏನಾಗತ್ತೆ ಗೊತ್ತಲ್ಲ? ಗೀರೂ ಹೋಗತ್ತೆ, ಈ ಹಳದೀನೂ ಹೋಗತ್ತೆ. ಆಮೇಲೆ ಉಳಿಯೋದು ನಿನ್ನ ಚೀಟಿ ಒಂದೇ."

ಅಣ್ಣ ಸುತ್ತಿಗೆ ಹಿಡಿದು ಆಚೆ ಹೋದ. ಪುಟ್ಟಿ ಎಮರಿ ಕಾಗದ ಮುಟ್ಟಲಿಲ್ಲ. ಬೇರೊಂದು ಕಾರಿನ ಬಂಪರಿಗೆ ಪುಟ್ಟಿ ಮೆತ್ತುತ್ತ ಸಂಜೆಯ ತನಕ ಒಳಗೊಳಗೇ ಕುದಿಯುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಶೆಡ್ಡಿಗೆ ಒಬ್ಬ ಮುದುಕ ಬಂದ. ಅರವತ್ತು ದಾಟಿದ ಗಟ್ಟಿ ಆಳು. ಬೆರಳ ತುದಿಗಳೆಲ್ಲ ನೀರಲ್ಲಿ ನೆನೆದು ನೆನೆದು ಸುಕ್ಕಾಗಿದ್ದವು. ಹೆಗಲ ಮೇಲೆ ಅಚ್ಚುಕಟ್ಟಾಗಿ ಮಡಿಸಿದ ಒರೆಸುವ ಬಟ್ಟೆ. ಬಂದವನು ನಮಸ್ಕಾರ ಗಿಮಸ್ಕಾರ ಅನ್ನದೆ ನೇರವಾಗಿ ಅಣ್ಣನ ಎದುರು ನಿಂತ.

"ಯಜಮಾನ್ರೇ, ನಾನು ಗೀಚಿದ್ದನ್ನ ನೀವು ಎಲ್ಲಿಂದ ನೋಡಿದ್ರಿ?"

ಅಣ್ಣನಿಗೆ ಏನೂ ತಿಳಿಯಲಿಲ್ಲ. "ಯಾರಪ್ಪಾ ನೀನು?"

"ಬಕೆಟ್ಟಪ್ಪ ಅಂತಾರೆ. ಕಾರು ತೊಳೀತೀನಿ. ತೊಳೀತಿದ್ದೆ. ನಿನ್ನೆ ಸಂಜೆ ಠಾಣೆಗೆ ಕರೆಸಿ ಚೀಟಿ ತೋರಿಸಿದ್ರು. ನಿಮ್ಮ ಮೊಹರಿತ್ತು, ವಿಳಾಸ ಇತ್ತು. ಅದಕ್ಕೇ ಬಂದೆ. ನೀವು ನೋಡಿದ್ರೆ ಹೇಳಿ, ಒಪ್ಕೋತೀನಿ."

ಅಣ್ಣ ತಲೆ ತಗ್ಗಿಸಿ ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತ ನಿಂತ. ಪುಟ್ಟಿ ಒಂದು ಸ್ಟೂಲು ತಂದಿಟ್ಟು, "ಕೂತ್ಕೊಳ್ಳಿ ಯಜಮಾನ್ರೇ. ಏನಾಯ್ತು ಅಂತ ಮೊದಲಿಂದ ಹೇಳಿ" ಎಂದಳು.

ಬಕೆಟ್ಟಪ್ಪ ಕೂರಲಿಲ್ಲ. "ಏನು ಹೇಳೋದು ತಾಯೀ. ಆವತ್ತು ಬೆಳಗ್ಗೆ ನೀರು ಹಾಕೋಕೆ ಹೋದೆ, ಈ ಗೀರು ಕಂಡ್ತು. ಗಂಟೆ ಒತ್ತಿ ಡಾಕ್ಟ್ರನ್ನ ಎಬ್ಬಿಸಿ, 'ಬನ್ನಿ ಸಾರ್, ಕಾರಿಗೆ ಹೀಗಾಗಿದೆ' ಅಂತ ತೋರಿಸಿದ್ದು ನಾನು. ಅವ್ರು ಅದನ್ನ ನೋಡೇ ಇರ್ಲಿಲ್ಲ. ತೋರಿಸಿದೋನೇ ಕಳ್ಳ ಆದ. ಆರು ವರ್ಷದಿಂದ ಆ ಕಾರಿನ ಮೈ ಉಜ್ಜಿದೀನಿ, ನನ್ನ ಮೊಮ್ಮಕ್ಕಳ ಬೆನ್ನೂ ಅಷ್ಟು ಉಜ್ಜಿಲ್ಲ. ಗೀಚೋ ಬುದ್ಧಿ ಇದ್ದಿದ್ರೆ ಆರು ವರ್ಷ ಯಾಕೆ ಕಾಯ್ತಿದ್ದೆ?"

ಪುಟ್ಟಿಗೆ ಕೋಪ ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ಅವಳು ಕೇಳಿದ್ದಳು. ಆ ಬರೆಗೆ ತನ್ನ ಶೆಡ್ಡಿನ ಮೊಹರು ಬಿದ್ದದ್ದನ್ನು ಕಂಡದ್ದು ಇದೇ ಮೊದಲು. ಅಂಟುಪಟ್ಟಿಯ ಸುರುಳಿ ತೆಗೆದು, ಹಿಂದಿನ ಬಾಗಿಲ ಮೇಲೆ ನೆಲದ ತನಕ ನೇರವಾಗಿ ಅಂಟಿಸಿ, ಮೂರು ಗೀರುಗಳ ಎತ್ತರವನ್ನು ಪೆನ್ಸಿಲಿನಿಂದ ಗುರುತು ಮಾಡಿದಳು. ಪಟ್ಟಿಯನ್ನು ಕಿತ್ತು ಒಂದು ಉದ್ದನೆಯ ಮರದ ರೀಪಿಗೆ ಅಂಟಿಸಿಕೊಂಡಳು. ಕಾರಿನೊಳಗೆ ಡಾಕ್ಟರ ಕಾರ್ಡುಗಳ ಕಟ್ಟು ಬಿದ್ದಿತ್ತು. ಕ್ಲಿನಿಕ್ಕಿನ ವಿಳಾಸಕ್ಕೆಂದು ಒಂದನ್ನು ಎತ್ತಿಕೊಂಡಳು.

"ಎಲ್ಲಿಗೆ?" ಎಂದ ಅಣ್ಣ.

"ಹಲ್ಲು ತೋರಿಸ್ಕೊಂಡು ಬರ್ತೀನಿ" ಎಂದು ಸ್ಕೂಟರ್ ಹತ್ತಿದಳು.

ಡಾಕ್ಟರ ಕ್ಲಿನಿಕ್ಕು ಐದು ಮಹಡಿಯ ಕಟ್ಟಡದಲ್ಲಿತ್ತು. ಕೆಳಗಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ. ಟ್ಯೂಬ್‌ಲೈಟುಗಳಲ್ಲಿ ಅರ್ಧ ಸತ್ತಿದ್ದವು. ಗೋಡೆಯ ಮೇಲೆ 'ಡಾಕ್ಟರಿಗೆ ಮೀಸಲು' ಎಂಬ ಫಲಕ; ಅದರ ಮುಂದೆ ಡಾಕ್ಟರು ಸದ್ಯಕ್ಕೆ ಓಡಿಸುತ್ತಿದ್ದ ಇನ್ನೊಂದು ಸಣ್ಣ ಕಾರು ನಿಂತಿತ್ತು. ಆ ಜಾಗದ ಪಕ್ಕದಲ್ಲೇ ದಪ್ಪ ಕಂಬ. ಕಂಬದ ಮೂಲೆ ಒಡೆಯದಿರಲೆಂದು ಕಬ್ಬಿಣದ ಪಟ್ಟಿ ಕೂರಿಸಿ, ಬೋಲ್ಟು ಬಿಗಿದು, ಹಳದಿ ಬಣ್ಣ ಬಳಿದಿದ್ದರು. ಬಿಗಿದವರು ಬೋಲ್ಟಿನ ತುದಿಗಳನ್ನು ಕತ್ತರಿಸುವ ಗೋಜಿಗೆ ಹೋಗಿರಲಿಲ್ಲ. ಮೂರು ತುದಿಗಳು ಬೆರಳ ಗೆಣ್ಣಿನಷ್ಟು ಹೊರಗೆ ಚಾಚಿದ್ದವು.

ಪುಟ್ಟಿ ರೀಪನ್ನು ಕಂಬಕ್ಕೆ ಆನಿಸಿ ನಿಲ್ಲಿಸಿದಳು. ಒಂದನೇ ಗುರುತಿಗೆ ಒಂದನೇ ಬೋಲ್ಟು. ಎರಡಕ್ಕೆ ಎರಡು. ಮೂರಕ್ಕೆ ಮೂರು. ತುದಿಗಳಲ್ಲಿ ಹಳದಿ ಎದ್ದುಹೋಗಿ, ಕಡುನೀಲಿ ಬಣ್ಣ ಮೆತ್ತಿಕೊಂಡಿತ್ತು. ನೆಲದ ಮೇಲೆ ಹಳದಿ ಚಕ್ಕೆಗಳನ್ನು ಯಾರೂ ಗುಡಿಸಿರಲಿಲ್ಲ.

ಹುಡುಕಿದ್ದು ಸಿಕ್ಕಿತಲ್ಲ ಎಂಬ ಖುಷಿ ಅವಳಿಗೆ ಆಗಲೇ ಇಲ್ಲ. ಮೈಯೆಲ್ಲ ಉರಿಯಿತು. ದಿನಾ ಎರಡು ಸಲ ಈ ಕಂಬದ ಪಕ್ಕ ಓಡಾಡುವ ಮನುಷ್ಯ, ಬಾಯೊಳಗಿನ ಎಳ್ಳಿನಷ್ಟು ತೂತನ್ನು ಕನ್ನಡಿ ಹಿಡಿದು ಹುಡುಕುವ ಮನುಷ್ಯ, ಕಣ್ಣೆದುರಿನ ಬೋಲ್ಟನ್ನು ನೋಡದೆ ಒಬ್ಬನ ಹೊಟ್ಟೆಯ ಮೇಲೆ ಹೊಡೆದಿದ್ದ. ಅವಳು ರೀಪು ನಿಲ್ಲಿಸಿಯೇ ಮೊಬೈಲಿನಲ್ಲಿ ಏಳೆಂಟು ಫೋಟೋ ತೆಗೆದಳು.

ಮೂರನೇ ದಿನ ಡಾಕ್ಟರೇ ಶೆಡ್ಡಿಗೆ ಬಂದರು. ಗೀರು ಹಾಗೆಯೇ ಇದ್ದದ್ದು ನೋಡಿ ಮುಖ ಸಿಂಡರಿಸಿದರು.

"ಏನ್ರೀ ಇದು, ಇನ್ನೂ ಶುರುನೇ ಮಾಡಿಲ್ಲ?" ಎಂದು ಅಣ್ಣನನ್ನು ಕೇಳಿದರು.

ಉತ್ತರ ಕೊಟ್ಟವಳು ಪುಟ್ಟಿ. "ಡಾಕ್ಟ್ರೇ, ಇದನ್ನ ಗೀಚಿದ್ದು ಯಾರ ಕೈಯೂ ಅಲ್ಲ. ನಿಮ್ಮ ಕ್ಲಿನಿಕ್ಕಿನ ಕೆಳಗಿನ ಕಂಬ."

"ನೀವು ಬಣ್ಣ ಹೊಡೀರಮ್ಮ. ಪತ್ತೇದಾರಿ ಎಲ್ಲ ಯಾಕೆ?"

ಅವಳು ಮೊಬೈಲನ್ನು ಅವರ ಕೈಗೇ ಕೊಟ್ಟಳು. ಡಾಕ್ಟರು ಒಂದೊಂದೇ ಫೋಟೋ ಸರಿಸಿದರು. ರೀಪು, ಗುರುತು, ಬೋಲ್ಟು, ನೀಲಿ. ಅವರ ಹೆಬ್ಬೆರಳು ಒಂದು ಕಡೆ ನಿಂತಿತು.

"ಆವತ್ತು ಹೊರಡುವಾಗ ಏನೋ ಕಿರ್ ಅಂದಿತ್ತು" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಚಕ್ರಕ್ಕೆ ಡಬ್ಬಗಿಬ್ಬ ಸಿಕ್ಕಿರಬೇಕು ಅಂದ್ಕೊಂಡೆ."

"ಅಂದ್ರೆ ಸದ್ದು ಕೇಳಿಸಿತ್ತು ನಿಮಗೆ."

"ಪೇಷೆಂಟು ಕಾಯ್ತಿರ್ತಾರೆ, ಮನೇಲಿ ಕಾಯ್ತಿರ್ತಾರೆ, ಎಲ್ಲಾ ಸದ್ದಿಗೂ ಇಳಿದು ನೋಡೋಕಾಗತ್ತಾ?" ಅವರು ಮೊಬೈಲು ಹಿಂದಿರುಗಿಸಿದರು. "ಸರಿ ಬಿಡಿ. ಆಗಿದ್ದು ಆಗಿಹೋಯ್ತು. ನಾಡಿದ್ದಿನೊಳಗೆ ಕಾರು ಕೊಡಿ."

"ಠಾಣೇಲಿರೋ ದೂರು?"

"ಅದು ತಾನಾಗೇ ಬಿದ್ದುಹೋಗತ್ತೆ."

"ಹತ್ತು ಮನೆ ಕೆಲಸ ಹೋಯ್ತಲ್ಲ, ಅದು?"

ಡಾಕ್ಟರು ಇಷ್ಟು ಹೊತ್ತಿಗೆ ಸಾವರಿಸಿಕೊಂಡಿದ್ದರು. "ನೋಡಿ, ಅವನೇನು ಸಾಚಾ ಅಲ್ಲ. ಎದುರು ಮಾತಾಡ್ತಾನೆ, ರಜ ರಜ ಅಂತಾನೆ. ಇವತ್ತಲ್ಲ ನಾಳೆ ಬಿಡಿಸಲೇಬೇಕಿತ್ತು."

ಶೆಡ್ಡಿನಲ್ಲಿ ಕಂಪ್ರೆಸರ್ ಗುರುಗುಡುತ್ತಿತ್ತು. ಪುಟ್ಟಿ ಹೋಗಿ ಅದರ ಸ್ವಿಚ್ಚು ಆರಿಸಿ ಬಂದಳು. ತನ್ನ ಮಾತು ಅವರಿಗೆ ಸರಿಯಾಗಿ ಕೇಳಿಸಬೇಕಿತ್ತು.

"ಈ ಗೀರು ಅವ್ರದಲ್ಲ ಅಂತ ನೀವು ಬರ್ದು ಠಾಣೆಗೆ ಕೊಡೋ ತನಕ ನಾನು ಇದನ್ನ ಮುಟ್ಟಲ್ಲ. ಬೇರೆ ಕಡೆ ತಗೊಂಡು ಹೋದ್ರೂ ಸರಿ. ಫೋಟೋ ನನ್ನ ಹತ್ರ ಇರತ್ತೆ."

ಡಾಕ್ಟರು ಅವಳ ಕಡೆ ನೋಡದೆ ಅಣ್ಣನ ಕಡೆ ತಿರುಗಿದರು. "ನಿಮ್ಮ ತಂಗಿಗೆ ಸ್ವಲ್ಪ ಬುದ್ಧಿ ಹೇಳಿ. ಚೀಟಿ ಕೊಟ್ಟೋರು ನೀವು. ಈಗ ಮಾತು ಬದಲಾಯಿಸಿದ್ರೆ ಸುಳ್ಳುಗಾರ ಆಗೋದು ನೀವೇ, ನಾನಲ್ಲ."

ಅಣ್ಣ ಜಗಳಕ್ಕೆ ಹೆದರುವವನು. ಗಿರಾಕಿ ಹಗಲನ್ನು ರಾತ್ರಿ ಅಂದರೆ ಚಂದ್ರ ಎಲ್ಲಿ ಎಂದು ಹುಡುಕುವವನು. ಅವನು ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು, ಮೇಜಿನ ಮುಂದೆ ಕೂತ. ತಂಗಿ ತನ್ನ ಅಣ್ಣ ಮತ್ತೆ ಮಣಿದ ಅಂದುಕೊಂಡಳು. ಅವನು ಬಹಳ ಹೊತ್ತು ಬರೆದು, ಎದ್ದು ನಿಂತು ಓದಿದ.

"ಮೊನ್ನೆ ಕೊಟ್ಟ ಚೀಟಿ ನಾನು ಕಾರು ನೋಡದೆ ಬರೆದದ್ದು. ತಪ್ಪು ನನ್ನದು. ಈ ಗೀರು ಕಂಬದ ಬೋಲ್ಟಿನಿಂದ ಆದದ್ದು. ಇದನ್ನು ಕಂಡುಹಿಡಿದವಳು ಈ ಶೆಡ್ಡಿನ ಪೇಂಟರ್, ನನ್ನ ತಂಗಿ." ಮೊಹರು ಒತ್ತಿ ಹೇಳಿದ, "ಸುಳ್ಳುಗಾರ ಅನಿಸ್ಕೋತೀನಿ ಡಾಕ್ಟ್ರೇ, ಪರವಾಗಿಲ್ಲ. ಸುಳ್ಳುಸಾಕ್ಷಿ ಅನಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ಡಾಕ್ಟರು ಕೀಲಿಕೈ ಝಳಪಿಸುತ್ತ ಹೊರಗೆ ನಡೆದರು.

ಅದೇ ಮಧ್ಯಾಹ್ನ ಅಣ್ಣ, ತಂಗಿ, ಬಕೆಟ್ಟಪ್ಪ ಮೂವರೂ ಠಾಣೆಗೆ ಹೋದರು. ಅಧಿಕಾರಿ ಫೋಟೋ ನೋಡಿ, ರೀಪನ್ನೂ ತಿರುಗಿಸಿ ಮುರುಗಿಸಿ ನೋಡಿ, ಡಾಕ್ಟರಿಗೆ ಫೋನು ಮಾಡಿದರು. ಒಂದು ಗಂಟೆಯೊಳಗೆ ಡಾಕ್ಟರ ಕಡೆಯಿಂದ ಕಾಗದ ಬಂತು: ತಪ್ಪು ತಿಳಿವಳಿಕೆಯಿಂದ ಕೊಟ್ಟ ದೂರು, ವಾಪಸ್ ತೆಗೆದುಕೊಂಡಿದ್ದೇನೆ. ತಪ್ಪು ಯಾರದು, ತಿಳಿವಳಿಕೆ ಯಾರದು, ಅದರಲ್ಲಿ ಇರಲಿಲ್ಲ.

"ಆಯ್ತಲ್ಲ, ಹೋಗಿಬನ್ನಿ" ಎಂದರು ಅಧಿಕಾರಿ.

"ಬೀದೀಲಿ ನಿಂತು ಕಳ್ಳ ಅಂದ್ರು ಸಾರ್" ಎಂದ ಬಕೆಟ್ಟಪ್ಪ. "ಬೀದೀಲೇ ನಿಂತು ಅಲ್ಲ ಅನ್ನಬೇಕಲ್ಲ."

"ಅದಕ್ಕೆಲ್ಲ ಕಾನೂನಲ್ಲಿ ಸೆಕ್ಷನ್ ಇಲ್ಲ ಯಜಮಾನ್ರೇ" ಎಂದು ಅಧಿಕಾರಿ ಮುಂದಿನ ಕಡತಕ್ಕೆ ಕೈ ಹಾಕಿದರು.

ಕಾರು ಶೆಡ್ಡಿನಲ್ಲೇ ಉಳಿದಿತ್ತು. "ಬೇಡ ಅಂದ್ರೆ ಹೀಗೇ ವಾಪಸ್ ಕಳಿಸಿಬಿಡ್ತೀನಿ" ಎಂದ ಅಣ್ಣ. ಪುಟ್ಟಿ ಸ್ವಲ್ಪ ಹೊತ್ತು ಅದರ ಸುತ್ತ ಓಡಾಡಿ, "ಕಾಗದ ಕೊಟ್ರೆ ಮುಟ್ತೀನಿ ಅಂದಿದ್ದೆ. ಕೊಟ್ಟಿದಾರೆ. ಕಾರೇನು ಮಾಡಿದೆ ಪಾಪ" ಎಂದು ಕೆಲಸಕ್ಕೆ ಕೂತಳು.

ಮೊದಲು ಒರಟು ಕಾಗದದಲ್ಲಿ ಗೀರಿನ ಎರಡೂ ದಡಗಳನ್ನು ಇಳಿಜಾರು ಮಾಡಿದಳು. ಮೇಲಿನ ಹೊಳಪು, ಅದರ ಕೆಳಗೆ ನೀಲಿ, ಅದರ ಕೆಳಗೆ ಬೂದು, ಅದರ ಕೆಳಗೆ ತಗಡು, ಪದರ ಪದರವಾಗಿ ಬಿಚ್ಚಿಕೊಂಡಿತು. ಪುಟ್ಟಿ ಮೆತ್ತಿ, ಒಣಗಿಸಿ, ಮರದ ಹಲಗೆಗೆ ಕಾಗದ ಸುತ್ತಿ ಉಜ್ಜಿದಳು. ಪ್ರತಿ ಎಳೆತಕ್ಕೂ ಡಾಕ್ಟರ ಮಾತು ನೆನಪಾಗಿ ಕೈ ಬಿರುಸಾಗುತ್ತಿತ್ತು. ಬಿರುಸಾದರೆ ತಗ್ಗು ಬೀಳುತ್ತದೆಂದು ಗೊತ್ತಿದ್ದರಿಂದ ನಿಲ್ಲಿಸಿ, ಉಸಿರೆಳೆದು, ಮತ್ತೆ ಶುರುಮಾಡುತ್ತಿದ್ದಳು. ಕಣ್ಣು ಮುಚ್ಚಿ ಅಂಗೈ ಸವರಿ, ಎಲ್ಲಿಯೂ ಏರಿಳಿತ ಸಿಗದಾದ ಮೇಲೆ ಪ್ರೈಮರ್. ಅದನ್ನು ನೀರು ಹಾಕಿ ಉಜ್ಜಿ, ಸುತ್ತಲೂ ಹಳೇ ಪತ್ರಿಕೆ ಅಂಟಿಸಿ, ನೀಲಿಯ ಮೂರು ಕೈ. ಆರು ವರ್ಷ ಬಿಸಿಲು ತಿಂದ ನೀಲಿಗೆ ಹೊಸ ಡಬ್ಬದ ನೀಲಿ ಹೊಂದುವುದಿಲ್ಲ. ಒಂದು ತೊಟ್ಟು ಕಪ್ಪು, ಅರ್ಧ ತೊಟ್ಟು ಬಿಳಿ ಸೇರಿಸಿ, ತುಂಡು ತಗಡಿನ ಮೇಲೆ ಹೊಡೆದು, ಬಾಗಿಲಾಚೆಯ ಬೆಳಕಿಗೆ ಹಿಡಿದು ನಾಲ್ಕು ಸಲ ಹೊಂದಿಸಿದಳು. ಕೊನೆಗೆ ಹೊಳಪಿನ ಪದರ, ಒಣಗಿದ ಮೇಲೆ ಪಾಲಿಷ್. ಇಂಥವರ ಕಾರಿಗೆ ಅಷ್ಟು ಶ್ರದ್ಧೆ ಯಾಕೆ ಎಂದು ಅಣ್ಣ ಕೇಳಿದಾಗ, "ಕೆಟ್ಟ ಕೆಲಸ ಮಾಡೋಕೆ ನಂಗೆ ಬರಲ್ಲ, ಕಲಿತಿಲ್ಲ" ಎಂದಳು.

ಕಾರು ಒಯ್ಯಲು ಬಂದ ಡಾಕ್ಟರು ಬಾಗಿಲಿನ ಉದ್ದಕ್ಕೂ ಬಗ್ಗಿ ನೋಡಿದರು, ಬೆರಳಾಡಿಸಿದರು, ಬಿಸಿಲಿಗೆ ತರಿಸಿ ನೋಡಿದರು. ಹುಳುಕು ಸಿಗಲಿಲ್ಲ. "ಏನೂ ಆಗೇ ಇಲ್ಲ ಅನ್ನೋ ಹಾಗಿದೆ" ಎಂದು ಅಣ್ಣನಿಗೆ ಹೇಳಿದರು.

"ಆಗಿದೆ" ಎಂದಳು ಪುಟ್ಟಿ. "ವಾಸಿ ಆಗಿರೋದು ಕಾರಿಗೆ ಮಾತ್ರ."

ಅವರು ಕೇಳಿಸಿಕೊಂಡರೋ ಇಲ್ಲವೋ, ಕಾರು ಹೋಯಿತು. ಎರಡು ದಿನದ ಮೇಲೆ ಬಕೆಟ್ಟಪ್ಪ ಬಂದು ಹೇಳಿದ ಸುದ್ದಿ ಇಷ್ಟು: ಡಾಕ್ಟರು ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ 'ಕಾರಿನ ವಿಷಯ ಇತ್ಯರ್ಥವಾಗಿದೆ' ಎಂದು ಒಂದು ಸಾಲು ಹಾಕಿದ್ದಾರೆ. ಅವನನ್ನು ಯಾರೂ ಕರೆದಿಲ್ಲ. ಹಣ ಕೊಟ್ಟು ಬಾಯಿ ಮುಚ್ಚಿಸಿ ಇತ್ಯರ್ಥವಾಯಿತೆಂದು ಬೀದಿಯವರು ಮಾತಾಡಿಕೊಳ್ಳುತ್ತಿದ್ದಾರೆ.

ಭಾನುವಾರ ಬೆಳಿಗ್ಗೆ ಪುಟ್ಟಿ ಅಣ್ಣನ ಎರಡನೇ ಚೀಟಿಯ ಹತ್ತು ನಕಲು ಮಾಡಿಸಿ, ಬಕೆಟ್ಟಪ್ಪನ ಜೊತೆ ಆ ಬೀದಿಗೆ ಹೋದಳು. ಒಂದೊಂದೇ ಮನೆಯ ಗಂಟೆ ಒತ್ತಿ, ಬಾಗಿಲು ತೆರೆದವರ ಕೈಗೆ ಕಾಗದ ಕೊಟ್ಟು, ಓದುವ ತನಕ ಅಲ್ಲೇ ನಿಂತಳು. ಡಾಕ್ಟರ ಮನೆಯ ಮಹಡಿಯ ಪರದೆ ಒಮ್ಮೆ ಸರಿದು ಮುಚ್ಚಿಕೊಂಡಿತು. ಆರು ಮನೆಯವರು ನಾಳೆಯಿಂದಲೇ ಬಾ ಎಂದರು. ಅವರಲ್ಲಿ ಒಬ್ಬ ಮಾತ್ರ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, "ನಮ್ಮಿಂದ ತಪ್ಪಾಯ್ತಪ್ಪಾ" ಎಂದ. ಎರಡು ಮನೆಯಲ್ಲಿ ಆಗಲೇ ಬೇರೆಯವನು ಬಂದಿದ್ದ. ಒಂದು ಮನೆಯವರು ಒಳಗೆ ಟಿವಿ ಸದ್ದು ಕೇಳುತ್ತಿದ್ದರೂ ಬಾಗಿಲು ತೆರೆಯಲಿಲ್ಲ.

ಕೊನೆಯ ಮನೆಯ ಗೃಹಿಣಿ ಕಾಗದ ಓದಿ ತಲೆಯಾಡಿಸಿದಳು. "ನಂಗೆ ಆವತ್ತೇ ಅನಿಸಿತ್ತು ಕಣಪ್ಪಾ, ನೀನು ಹಾಗೆ ಮಾಡೋನಲ್ಲ ಅಂತ. ಡಾಕ್ಟ್ರಿಗೆ ಎದುರು ಹೇಳೋದು ಹೇಗೆ ಅಂತ ಸುಮ್ನಿದ್ದೆ. ನಾಳೆಯಿಂದ ಬಂದುಬಿಡು."

ಡಾಕ್ಟರ ಮೇಲೂ ಬರದಷ್ಟು ಸಿಟ್ಟು ಪುಟ್ಟಿಗೆ ಈಗ ಬಂತು. "ಅನಿಸಿದ್ರೆ ಆವತ್ತೇ ಅನ್ನಬೇಕಿತ್ತಮ್ಮಾ. ಅನಿಸಿದ್ದನ್ನ ಒಳಗಿಟ್ಟುಕೊಳ್ಳೋಕೆ ಅದೇನು ಒಡವೇನಾ?"

ಬಕೆಟ್ಟಪ್ಪ ಕೈ ಮುಗಿದು, "ಈ ಮನೆ ನಂಗೆ ಬೇಡಮ್ಮ. ಆರು ಸಾಕು" ಎಂದು ಮೆಟ್ಟಿಲಿಳಿದ.

ಶೆಡ್ಡಿಗೆ ವಾಪಸ್ ಬಂದಾಗ ಅಣ್ಣ, "ಏನಮ್ಮಾ, ಈಗಾದ್ರೂ ಸಮಾಧಾನ ಆಯ್ತಾ?" ಎಂದು ಕೇಳಿದ.

"ಇಲ್ಲ" ಎಂದಳು ಪುಟ್ಟಿ. ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಬಾಗಿಲಲ್ಲಿ ಕಾದು ನಿಂತಿದ್ದ ಕೆಂಪು ಕಾರಿನ ಕಡೆ ನಡೆದಳು.